ತಗಿ ಅಂದ್ರ ಏನು?

ನಮ್ಮ ಬಳಗ ಒಂದೇ ಜಿಲ್ಲೆಯ ನಾಲ್ಕು ಊರುಗಳಲ್ಲಿ ಹಂಚಿಹೋಗಿದೆ. ತವರು ಬಸವನ ಬಾಗೇವಾಡಿ, ನನ್ನನ್ನು ಕೊಟ್ಟದ್ದು ಇಂಡಿಗೆ, ಅಕ್ಕ ಸಿಂದಗಿಯಲ್ಲಿ, ತಮ್ಮ ಮುದ್ದೇಬಿಹಾಳದಲ್ಲಿ. ಜಿಲ್ಲೆಯ ಹೆಸರು 2014ರಲ್ಲಿ ವಿಜಯಪುರ ಆಯಿತಾದರೂ ನನ್ನ ನಾಲಿಗೆಗೆ ಬಿಜಾಪುರವೇ ರೂಢಿ. ಈ ನಾಲ್ಕೂ ಮನೆಗಳಲ್ಲಿ ದಿನವೆಲ್ಲ ದುಡಿಯುವ ಮಾತೊಂದಿದೆ: ‘ತಗಿ’. ಬಾಗಿಲು ತಗಿ ಎಂದರೆ ತೆರೆಯಬೇಕು. ಕಸ ತಗಿ ಎಂದರೆ ಹೊರಗೆ ಚೆಲ್ಲಬೇಕು. ಉತಾರ ತಗಸು ಎಂದರೆ ಕಚೇರಿಗೆ ಹೋಗಿ ಹೊಲದ ಪಹಣಿಯ ನಕಲು ಪಡೆಯಬೇಕು. ಯಾವಾಗ ಯಾವ ಅರ್ಥ ಎಂದು ಯಾರೂ ಹೇಳಿಕೊಡುವುದಿಲ್ಲ.

ಹೇಳಿಕೊಡದ್ದರ ಫಲ ನಾನು ಉಂಡಿದ್ದೇನೆ. ಮದುವೆಯಾಗಿ ಬಂದ ಮೊದಲ ವರ್ಷ, ದಸರೆಗೆ ಮನೆ ತೊಳೆಯುವ ದಿನ. ಅತ್ತೆಯವರು ಹಿತ್ತಲಿನಿಂದಲೇ ಕೂಗಿದರು: “ಟ್ರಂಕಿನ್ಯಾಗ ಹಳೇ ಕಾಗದದ ಗಂಟ ಐತಿ, ತಗಿಯವ್ವಾ!” ತೆಗೆದೆ. ತೆಗೆದು ಬಚ್ಚಲ ಒಲೆಗೆ ಹಾಕಿದೆ. ಅವರು ಹೇಳಿದ್ದು ಗಂಟು ಬಿಚ್ಚಿ ಬಿಸಿಲಿಗೆ ಹರವು ಎಂದು.

ಆ ಗಂಟಿನಲ್ಲಿ ಹಳೆಯ ಸಾತ್‌ಬಾರಾ ಉತಾರವಿತ್ತು. 1956ರವರೆಗೆ ನಮ್ಮ ಸೀಮೆ ಮುಂಬಯಿಗೆ ಸೇರಿತ್ತಲ್ಲ, ಅಲ್ಲಿಯ ಲೆಕ್ಕದ 7ನೆಯ ಮತ್ತು 12ನೆಯ ನಮೂನೆ ಕೂಡಿ ಆದ ಕಾಗದ ಅದು. ಬದುವಿನ ತಕರಾರಿನಲ್ಲಿ ತೋರಿಸಲು ಮಾವನವರ ಹತ್ತಿರ ಇದ್ದದ್ದು ಅದೊಂದೇ. ಅವರು ಬೈಯಲಿಲ್ಲ. ಮೂರು ದಿನ ಊಟದ ಹೊತ್ತಿಗೆ ಮಾತಾಡಲಿಲ್ಲ, ಅಷ್ಟೇ. ಮುಂದೆ ಎರಡು ಗುಂಟೆ ಹೋಯಿತು. ಇವತ್ತಿಗೂ ಆ ಬದುವಿನ ಮೇಲೆ ಕಾಲಿಟ್ಟರೆ ನನಗೆ ಬಚ್ಚಲ ಒಲೆಯ ಹೊಗೆ ನೆನಪಾಗುತ್ತದೆ.

ಈಚೆಗೆ ತಮ್ಮನ ಮಗಳು ಬೆಂಗಳೂರಿನಿಂದ ಬಂದಾಗ ಈ ಕಥೆ ಹೇಳಿದೆ. ಅವಳು ನಗಲಿಲ್ಲ. “ಅತ್ತಿ, ನನ್ನ ಕೆಲಸಾನ ಇದು” ಎಂದಳು.

ಅವಳ ಕೆಲಸ ನನಗೆ ತಿಳಿದಿರಲಿಲ್ಲ. ಈಗ ಕೃತಕ ಬುದ್ಧಿಯ ಏಜೆಂಟುಗಳು ಬಂದಿವೆಯಂತೆ. ನಮ್ಮ ಬದಲು ಕಂಪ್ಯೂಟರಿನ ಪರದೆಯ ಚಿತ್ರ ನೋಡಿ, ತಾವೇ ಮೌಸ್ ಸರಿಸಿ, ಕೀಲಿ ಒತ್ತಿ ಕೆಲಸ ಮುಗಿಸುವ ಆಳುಗಳು. ಆಂಥ್ರೋಪಿಕ್ ಎಂಬ ಅಮೆರಿಕದ ಕಂಪನಿ 2024ರ ಅಕ್ಟೋಬರಿನಲ್ಲಿ ಇಂಥದೊಂದನ್ನು ಪ್ರಯೋಗಕ್ಕೆ ಬಿಟ್ಟಿತು. ಈ ಆಳಿನ ಕೈಗೆ ಸಲಕರಣೆಗಳನ್ನು ಕೊಡುತ್ತಾರೆ, ಟೂಲ್ ಎನ್ನುತ್ತಾರೆ ಅವಕ್ಕೆ: ಕಡತ ತೆರೆಯಲು ಒಂದು, ಅಳಿಸಲು ಒಂದು, ಮುದ್ರಿಸಲು ಒಂದು. ಸಲಕರಣೆಯ ಹೊಟ್ಟೆಯೊಳಗೆ ಏನಿದೆಯೋ ಆಳಿಗೆ ಕಾಣದು. ಅದರ ಹೆಸರು, ಅದೇನು ಮಾಡುತ್ತದೆ ಎಂಬ ನಾಲ್ಕು ಸಾಲು, ಅದಕ್ಕೆ ಏನೇನು ಕೊಡಬೇಕು ಎಂಬ ಪಟ್ಟಿ, ಇಷ್ಟನ್ನೇ ಓದಿ ಆರಿಸಿಕೊಳ್ಳಬೇಕು. ಆ ನಾಲ್ಕು ಸಾಲು ಬರೆಯುವವಳು ನಮ್ಮ ಹುಡುಗಿ.

ಒಮ್ಮೆ ಕನ್ನಡದಲ್ಲಿ ಬರೆಯುವಾಗ ಅವಳು ಒಂದು ಸಲಕರಣೆಗೆ ‘ಕಡತ ತೆಗೆಯುತ್ತದೆ’ ಎಂದಷ್ಟೇ ಬರೆದಳಂತೆ. ಅದು ಅಳಿಸುವ ಸಲಕರಣೆ. ‘ಉತಾರ ತೆಗೆ’ ಎಂದು ಹೇಳಿ ನೋಡಿದಳು, ಆಳು ಕಡತವನ್ನೇ ಅಳಿಸಿತು. ಪ್ರಯೋಗದ ಕಡತವಾದ್ದರಿಂದ ಯಾರ ಗುಂಟೆಯೂ ಹೋಗಲಿಲ್ಲ.

ಯಂತ್ರದೊಂದಿಗೆ ಈ ಗೊಂದಲ ಹೊಸದೇನಲ್ಲ. 1968ರಿಂದ 70ರವರೆಗೆ ಅಮೆರಿಕದ ಎಂಐಟಿಯಲ್ಲಿ ಟೆರಿ ವಿನೊಗ್ರಾಡ್ ಎಂಬವರು ಪರದೆಯ ಮೇಲಿನ ಬಣ್ಣದ ಇಟ್ಟಿಗೆಗಳನ್ನು ಮಾತು ಕೇಳಿ ಎತ್ತಿಡುವ ಪ್ರೋಗ್ರಾಂ ಒಂದನ್ನು ರಚಿಸಿದರು. ಅದರ ಹೆಸರು ಶ್ರ್ಡ್ಲು; ಉಚ್ಚರಿಸಲು ಹೋಗಬೇಡಿರಿ. ಮೂರು ಪಿರಮಿಡ್ಡುಗಳಿದ್ದಾಗ ‘ಪಿರಮಿಡ್ಡು ಹಿಡಿ’ ಎಂದರೆ, ಯಾವ ಪಿರಮಿಡ್ಡೆಂದು ತಿಳಿಯಲಿಲ್ಲ ಎಂದು ಅದು ಉತ್ತರಿಸುತ್ತಿತ್ತು. ಆ ವಯಸ್ಸಿನಲ್ಲಿ ನನಗೆ ಅಷ್ಟು ಬುದ್ಧಿ ಇರಲಿಲ್ಲ. ಹೊಸ ಸೊಸೆ ಅತ್ತೆಯನ್ನು ತಿರುಗಿ ಕೇಳುವುದುಂಟೇ?

ನಮ್ಮ ತಾಲ್ಲೂಕು ಕಚೇರಿಗಳಿಗೂ ಕಂಪ್ಯೂಟರ್ ಬಂತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಲ್ಲಿ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಯಂತ್ರದೊಳಗೆ ಹೋದವು, ಕೈಬರಹದ ಪಹಣಿ ನಿಂತಿತು. ಆಗ 15 ರೂಪಾಯಿಗೆ ಒಂದು ನಕಲು ಸಿಗುತ್ತಿತ್ತು. ಆ ಕಿಟಕಿಗಳಲ್ಲಿ ಇನ್ನೊಂದು ಪರದೆಯನ್ನು ರೈತನ ಕಡೆಗೆ ತಿರುಗಿಸಿ ಇಡುವ ಏರ್ಪಾಡು ನನಗೆ ಬಹಳ ಹಿಡಿಸಿತು. ಒಳಗೆ ಕುಳಿತವರು ಏನು ಒತ್ತುತ್ತಿದ್ದಾರೆ ಎಂಬುದು ಹೊರಗೆ ನಿಂತವನಿಗೂ ಕಾಣಬೇಕಲ್ಲ. ಓದು ಬಾರದವನಿಗೆ ಅದರಿಂದೇನು ಎನ್ನಬಹುದು. ಆದರೂ ತನ್ನ ಹೊಲದ ಸರ್ವೆ ನಂಬರು ಯಾವ ರೈತನಿಗೆ ಗುರುತಿಲ್ಲ?

ಕಂಪ್ಯೂಟರಿನ ಪರದೆ ಕನ್ನಡಕ್ಕೆ ಬಂದಾಗ ಬಲ್ಲವರು ‘ತೆರೆ’, ‘ಅಳಿಸು’ ಎಂಬ ಮಾತುಗಳನ್ನು ಆರಿಸಿಕೊಂಡರು. ‘ತೆಗೆ’ಯನ್ನು ದೂರವಿಟ್ಟದ್ದು ಜಾಣತನವೇ. ಆದರೆ ನಮ್ಮ ಮನೆಗಳಲ್ಲಿ ಯಾರು ಹಾಗೆ ಮಾತಾಡುತ್ತಾರೆ? ತೆರೆ ಎಂದರೆ ನನಗೆ ಕೃಷ್ಣಾ ಹೊಳೆಯ ತೆರೆ. ಏಜೆಂಟಿಗೆ ನಾವು ನಮ್ಮ ಮಾತಿನಲ್ಲೇ ಹೇಳುವವರು. ಟಿವಿ ಹಚ್ಚು, ಫೋನ್ ಹಚ್ಚು, ದೀಪ ಹಚ್ಚು.

ಹುಡುಗಿ ತಿದ್ದಿ ಬರೆದದ್ದನ್ನು ಓದಿಸಿಕೊಂಡೆ. ಕಡತವನ್ನು ಶಾಶ್ವತವಾಗಿ ಅಳಿಸುತ್ತದೆ. ತೆರೆದು ಓದಲು ಅಥವಾ ನಕಲು ಪಡೆಯಲು ಇದನ್ನು ಬಳಸಬಾರದು. ‘ತೆಗೆ’ ಎಂದಷ್ಟೇ ಹೇಳಿದ್ದರೆ ಯಾವ ಅರ್ಥವೆಂದು ಮೊದಲು ಕೇಳಬೇಕು. ಕಡತದ ಪೂರ್ತಿ ಹೆಸರು ಹೇಳಿ ಒಪ್ಪಿಗೆ ಪಡೆಯಬೇಕು. 1995ರ ವಿಂಡೋಸಿನಲ್ಲೇ ಅಳಿಸಿದ್ದನ್ನು ಮರಳಿ ಪಡೆಯುವ ಬುಟ್ಟಿ ಬಂದಿತ್ತು, ಈ ಸಲಕರಣೆಗೆ ಅದೂ ಇಲ್ಲವಂತೆ. “ಹಂಗಿದ್ರ ಶಾಶ್ವತ ಅನ್ನೋ ಮಾತು ಎಲ್ಲಕ್ಕಿಂತ ಮೊದಲ ಬರಲಿ” ಎಂದೆ. ಬರೆದುಕೊಂಡಳು.

ಅವಳು ಹೋದ ಮರುದಿನ ಸೊಸೆಗೆ, “ಫ್ರಿಜ್ಜಿನ್ಯಾಗಿನ ನಿನ್ನಿ ಸಾರು ತಗಿಯವ್ವಾ” ಎಂದೆ. ಸೊಸೆ ಪಾತ್ರೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಳು. “ಬಿಸಿ ಮಾಡ್ಲೇನ್ರಿ ಅತ್ತಿ, ಚೆಲ್ಲಲೇನ್ರಿ?”