ತೊಟ್ಟವರಿಂದ ಹೊಲಿದವರವರೆಗೆ: ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ದುರಂತ ನಾಟಕಗಳಲ್ಲಿ ಬಟ್ಟೆ

ಮನೆಬಳಕೆಯ ವಸ್ತುವೊಂದು ನಾಟಕದಲ್ಲಿ ಪ್ರಾಣಕ್ಕೆ ಎರವಾಗುವುದು ನಮಗೆ ಹೊಸದಲ್ಲ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ಗೌಡ್ತಿ ಗಂಡನಿಗೆಂದು ಬೇಯಿಸಿದ ಪಡವಲಕಾಯಿ ಬಸಣ್ಣನ ಹೊಟ್ಟೆ ಸೇರುತ್ತದೆ, ಅವನ ಸಾವಿನ ದಾರಿ ಅಲ್ಲಿಂದಲೇ ಶುರು. ಅಮೆರಿಕದ ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ರಂಗಮಂದಿರಗಳಲ್ಲಿ ನಾಲ್ಕು ದಶಕಗಳಿಂದ ಈ ಪಾಲು ಮತ್ತೆ ಮತ್ತೆ ಬಟ್ಟೆಗೆ ಬಂದಿದೆ. ಬಟ್ಟೆ ತೊಟ್ಟವರ ಕಥೆ ಹೇಳುತ್ತಿದ್ದ ಈ ರಂಗಭೂಮಿ ಅದನ್ನು ಹೊಲಿದವರ ಬಳಿಗೆ ಬರಲು ಮಾತ್ರ ತಡಮಾಡಿತು.

1978ರಲ್ಲಿ ಲಾಸ್ ಏಂಜಲೀಸಿನ ಮಾರ್ಕ್ ಟೇಪರ್ ಫೋರಮ್‌ನಲ್ಲಿ ಲೂಯಿಸ್ ವಾಲ್ಡೆಜ್ ಅವರ ‘ಜೂಟ್ ಸೂಟ್’ ರಂಗಕ್ಕೆ ಬಂತು. ಅದರ ಹಿಂದೆ ನಿಜವಾದ ಮೊಕದ್ದಮೆಯೊಂದಿದೆ. 1942ರ ಆಗಸ್ಟ್‌ನಲ್ಲಿ ಸ್ಲೀಪಿ ಲಗೂನ್ ಎಂಬ ಕೆರೆಯ ಬಳಿ ನಡೆದ ಸಾವೊಂದಕ್ಕೆ ಮೆಕ್ಸಿಕನ್ ಮೂಲದ 17 ಯುವಕರನ್ನು ಹೊಣೆ ಮಾಡಲಾಯಿತು. 1944ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು. ಈ ನಡುವೆ, 1943ರ ಜೂನ್‌ನಲ್ಲಿ, ನೌಕಾಪಡೆಯ ಹುಡುಗರು ಬೀದಿಗಿಳಿದು ಅಗಲ ಭುಜದ, ಜೋಲು ಪ್ಯಾಂಟಿನ ಜೂಟ್ ಸೂಟು ತೊಟ್ಟವರನ್ನು ಹಿಡಿದು ಬಡಿದು ಬಟ್ಟೆ ಕಿತ್ತರು. ಯುದ್ಧಕಾಲದಲ್ಲಿ ಉಣ್ಣೆಬಟ್ಟೆಗೆ ಮಿತಿ ಹೇರಿದ್ದರಿಂದ ಅಷ್ಟು ಬಟ್ಟೆ ತೊಡುವುದೇ ದೇಶದ್ರೋಹ ಎನ್ನಿಸಿಕೊಂಡಿತ್ತು. ನಾಟಕದ ಶುರುವಿನಲ್ಲಿ ರಂಗವನ್ನು ಮುಚ್ಚಿರುವುದು 1943ರ ಜೂನ್ 3ರ ಪತ್ರಿಕೆಯ ದೊಡ್ಡ ಮುಖಪುಟ. ನಾಟಕದ ನಿರೂಪಕ ಎಲ್ ಪಚೂಕೊ ಚಾಕುವಿನಿಂದ ಅದನ್ನು ಸೀಳಿಕೊಂಡು ಹೊರಬರುತ್ತಾನೆ. ಮುಂದೆ ಕೂರುವ ಪೀಠವೂ ಪತ್ರಿಕೆಯ ಕಟ್ಟು, ನಾಯಕನ ತಾಯಿ ದೊಲೊರೆಸ್ ಕೈಯಲ್ಲಿನ ಒಗೆದ ಬಟ್ಟೆಯೂ ಪತ್ರಿಕೆಯ ಹಾಳೆ. ದೊಡ್ಡ ಮುಖಪುಟಕ್ಕಿಂತ ಈ ಒಗೆದ ಬಟ್ಟೆಯೇ ನನಗೆ ಹೆಚ್ಚು ಎನ್ನಿಸುತ್ತದೆ. ಪತ್ರಿಕೆ ಕಟ್ಟಿದ ಅಪವಾದವನ್ನು ತೊಳೆದು ಮಡಿಸುವ ಕೆಲಸ ಕೊನೆಗೆ ಬಿದ್ದದ್ದು ಮನೆಯ ಹೆಂಗಸಿನ ಮೇಲೆ ತಾನೆ? ಬ್ರಾಡ್‌ವೇಯಲ್ಲಿ 1979ರಲ್ಲಿ ನಾಟಕ ಹೆಚ್ಚು ದಿನ ಬಾಳಲಿಲ್ಲ. ತವರಿನಲ್ಲಿ ಅದರ ಬಾಳಿಕೆ ಬೇರೆ: ಸ್ಯಾನ್ ಡಿಯೇಗೊ ರೆಪರ್ಟರಿ ಅದನ್ನು ಆಡಿತು, 2017ರಲ್ಲಿ ಮಾರ್ಕ್ ಟೇಪರ್‌ಗೇ ಅದು ಮರಳಿ ಬಂತು.

ನಂತರದ ಘಟ್ಟ ನಿರ್ದೇಶಕ ಪೀಟರ್ ಸೆಲ್ಲರ್ಸ್ ಅವರದು. 1986ರಲ್ಲಿ ಸ್ಯಾನ್ ಡಿಯೇಗೊದ ಲಾ ಹೋಯಾ ಪ್ಲೇಹೌಸ್‌ನಲ್ಲಿ ‘ಏಜಾಕ್ಸ್’, 1993ರಲ್ಲಿ ಮಾರ್ಕ್ ಟೇಪರ್‌ನಲ್ಲಿ ‘ಪರ್ಷಿಯನ್ಸ್’. ಬಿ.ಎಂ.ಶ್ರೀ. ‘ಅಶ್ವತ್ಥಾಮನ್’, ‘ಪಾರಸಿಕರು’ ಬರೆಯುವಾಗ ಆರಿಸಿಕೊಂಡದ್ದೂ ಈ ಎರಡೇ ಗ್ರೀಕ್ ಮೂಲಗಳನ್ನು, ಕಾಕತಾಳೀಯವಾದರೂ ನೆನೆಯುವಂಥದ್ದು. ಇಲ್ಲಿ ವಸ್ತು ಬಟ್ಟೆಯಲ್ಲ: ಸೆಲ್ಲರ್ಸ್ ತಮ್ಮ ಏಜಾಕ್ಸ್‌ನನ್ನು ರಕ್ತ ನಿಂತ ಗಾಜಿನ ಪೆಟ್ಟಿಗೆಯೊಳಗೆ ನಿಲ್ಲಿಸಿದರು. ಕಣ್ಣಿಗೆ ಕಟ್ಟುವ ಚಿತ್ರವೇನೋ ಹೌದು. ಆದರೆ ಅಂಥ ಪೆಟ್ಟಿಗೆ ಯಾರ ಮನೆಯಲ್ಲಿದೆ? ಬಳಸಿ ಸವೆಯದ ವಸ್ತು ಎಷ್ಟೇ ಬೆರಗು ಹುಟ್ಟಿಸಿದರೂ ಅದರ ಅರ್ಥವನ್ನು ನಿರ್ದೇಶಕರೇ ಹೇಳಿಕೊಡಬೇಕಾಗುತ್ತದೆ.

2006ರಲ್ಲಿ ಲಾಸ್ ಏಂಜಲೀಸಿನ ಗೆಟ್ಟಿ ವಿಲ್ಲಾ ವಸ್ತುಸಂಗ್ರಹಾಲಯದ ಬಯಲು ರಂಗಮಂದಿರ ತೆರೆದ ಮೇಲೆ ಗ್ರೀಕ್ ನಾಟಕಗಳಿಗೆ ಅಲ್ಲಿ ನೆಲೆ ಸಿಕ್ಕಿತು. 2008ರ ‘ಆಗಮೆಮ್ನಾನ್’ನಲ್ಲಿ ಟೈನ್ ಡೇಲಿ ಕ್ಲೈಟೆಮ್ನೆಸ್ಟ್ರಾ. ಗಂಡನ ಕಾಲಡಿಗೆ ಮನೆಯ ಕೆಂಬಟ್ಟೆ ಹಾಸಿ ಒಳಗೆ ಕರೆದೊಯ್ಯುವುದು, ಒಳಗೆ ಬಟ್ಟೆಯಲ್ಲೇ ಸಿಕ್ಕಿಸಿ ಕೊಲ್ಲುವುದು. ತುಳಿದರೆ ಮನೆಯ ಸಿರಿ ಹಾಳಾಗುತ್ತದೆಂದು ಆಗಮೆಮ್ನಾನ್ ಅಳುಕುತ್ತಾನೆ; ಅದನ್ನು ನೇಯ್ದವರ ಕೈ ಯಾವುದೆಂದು ಯಾರೂ ಕೇಳುವುದಿಲ್ಲ. 2010ರ ‘ಎಲೆಕ್ಟ್ರಾ’ದ್ದು ಬಟ್ಟೆಯಲ್ಲ, ಬೂದಿಯ ಗಡಿಗೆ. ತಮ್ಮ ಸತ್ತನೆಂಬ ಸುಳ್ಳು ನಂಬಿ ಎಲೆಕ್ಟ್ರಾ ಅದನ್ನು ತಬ್ಬಿ ಅಳುತ್ತಾಳೆ. ಪೋಲಸ್ ಎಂಬ ನಟ ಈ ದೃಶ್ಯಕ್ಕೆ ತನ್ನ ಸತ್ತ ಮಗನ ಬೂದಿಯನ್ನೇ ತಂದಿದ್ದನೆಂದು ರೋಮನ್ ಲೇಖಕ ಆಲಸ್ ಗೆಲ್ಲಿಯಸ್ ಬರೆದಿದ್ದಾನೆ.

2014ರ ಬೇಸಿಗೆಯಲ್ಲಿ ಸ್ಯಾನ್ ಡಿಯೇಗೊದ ಓಲ್ಡ್ ಗ್ಲೋಬ್ ‘ಒಥೆಲೊ’ ಆಡಿತು. ಬ್ಲೇರ್ ಅಂಡರ್‌ವುಡ್ ಒಥೆಲೊ. ಹೆಂಡತಿಯ ಮೇಲೆ ಅವನ ಸಂಶಯಕ್ಕೆ ಸಾಕ್ಷಿಯಾಗುವ, ಸ್ಟ್ರಾಬೆರಿ ಕಸೂತಿಯ ಕರವಸ್ತ್ರವನ್ನು 1693ರಲ್ಲೇ ವಿಮರ್ಶಕ ಥಾಮಸ್ ರೈಮರ್ ಗೇಲಿ ಮಾಡಿದ್ದ: ಇಷ್ಟು ಚಿಕ್ಕ ಬಟ್ಟೆಗೆ ಇಷ್ಟು ದೊಡ್ಡ ರಂಪವೇ ಎಂದು. ಅವನ ಕಣ್ಣಿಗೆ ಬೀಳದ ಸಂಗತಿಯೊಂದಿದೆ. ಒಥೆಲೊನ ಅಧಿಕಾರಿ ಕ್ಯಾಸಿಯೊ ಕರವಸ್ತ್ರವನ್ನು ತನ್ನ ಪ್ರೇಯಸಿ ಬಿಯಾಂಕಾಗೆ ಕೊಟ್ಟು ಅದೇ ಕಸೂತಿ ಹಾಕಿಕೊಡು ಎನ್ನುತ್ತಾನೆ. ಉಳಿದವರಿಗೆಲ್ಲ ಸಾಕ್ಷಿಯಾಗಿರುವ ವಸ್ತು ಅವಳಿಗೆ ಮಾತ್ರ ಸೂಜಿ ಹಿಡಿಯಬೇಕಾದ ಕೆಲಸ. ಅವಳು ಸಿಡುಕುತ್ತಾಳೆ, ನಾಟಕ ಅವಳನ್ನು ಅಲ್ಲೇ ಬಿಟ್ಟು ಮುಂದೆ ಸಾಗುತ್ತದೆ.

ಬಿಯಾಂಕಾಳನ್ನು ಬಿಟ್ಟ ಜಾಗದಿಂದಲೇ ನಾಟಕಕಾರ ಲೂಯಿಸ್ ಆಲ್ಫಾರೊ ಹೊರಟಂತಿದೆ. ಯೂರಿಪಿಡೀಸನ ‘ಮೆಡಿಯಾ’ವನ್ನು ಆಧರಿಸಿದ ಅವರ ‘ಮೊಹಾದಾ’ 2015ರಲ್ಲಿ ಗೆಟ್ಟಿ ವಿಲ್ಲಾದಲ್ಲಿ, ಜೆಸಿಕಾ ಕುಬ್ಜಾನ್ಸ್ಕಿ ನಿರ್ದೇಶನದಲ್ಲಿ ರಂಗಕ್ಕೆ ಬಂತು. ಇದರ ಮೆಡಿಯಾ ಮೆಕ್ಸಿಕೊದ ಮಿಚೊವಕಾನ್‌ನಿಂದ ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದವಳು. ಈಗ ಲಾಸ್ ಏಂಜಲೀಸಿನ ಬಾಯ್ಲ್ ಹೈಟ್ಸ್‌ನಲ್ಲಿ ಮನೆಯಂಗಳ ದಾಟದೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಳೆ. ಯೂರಿಪಿಡೀಸನಲ್ಲಿ ಸವತಿಯನ್ನು ಸುಡುವ ಉಡುಪು ಸೂರ್ಯನಿಂದ ಬಂದ ಮನೆತನದ ಆಸ್ತಿ. ಇಲ್ಲಿ ಅದನ್ನು ಅವಳೇ ಕತ್ತರಿಸಿ ಹೊಲಿಯಬೇಕು. ಹೊಟ್ಟೆಪಾಡಿನ ಕಸುಬೇ ಸೇಡಿಗೂ ಒದಗುತ್ತದೆ. ಆ ಊರಿನ ಪ್ರೇಕ್ಷಕರಿಗೆ ಈ ಯಂತ್ರ ದೂರದ ರೂಪಕವಲ್ಲ. ಪಕ್ಕದ ಎಲ್ ಮಾಂಟೆಯಲ್ಲಿ 1995ರಲ್ಲಿ 72 ಥಾಯ್ ಕೆಲಸಗಾರರನ್ನು ಮುಳ್ಳುತಂತಿಯ ಹಿಂದೆ ಕೂಡಿಹಾಕಿ ಹೊಲಿಸುತ್ತಿದ್ದುದು ಬಯಲಾಗಿತ್ತು. ಸಿದ್ಧ ಉಡುಪಿನ ಕೆಲಸದಲ್ಲಿ ಪೀಸ್ ಲೆಕ್ಕದ ಕೂಲಿಯನ್ನು ಕ್ಯಾಲಿಫೋರ್ನಿಯಾ ಕಾನೂನು ನಿಲ್ಲಿಸಿದ್ದು 2022ರ ಜನವರಿಯಿಂದ.

ಕೊನೆಗೆ ಮಗುವಿನ ಕೊಲೆಗೆ ಮಚ್ಚು ಬರುತ್ತದೆ. ಅಲ್ಲಿ ಆಲ್ಫಾರೊ ಯೂರಿಪಿಡೀಸನ ಸಾಲ ತೀರಿಸುತ್ತಿದ್ದಾರೆ, ಅಷ್ಟೆ. ಹೊಲಿಗೆ ಯಂತ್ರದಿಂದ ನಾಟಕ ಗಳಿಸಿದ ಹೊಸತನ ಆ ಮಚ್ಚಿನಲ್ಲಿಲ್ಲ.