ನ್ಯಾಟ್ ಅಜೀತ್ ಆದ ಕಥೆ: ಒಂದು ರೆಸಿನ್ ಸೆಟ್, ಒಂದು ರೆಕ್ಕೆ

ಈ ಎಪಿಸೋಡ್ ರೆಕಾರ್ಡ್ ಮಾಡ್ತಿರೋ ಟೇಬಲ್ ಮೇಲೆ, ಮೈಕ್ ಪಕ್ಕದಲ್ಲೇ ಒಂದು ಯುದ್ಧವಿಮಾನ ನಿಂತಿದೆ. ಉದ್ದ 12.5 ಸೆಂಟಿಮೀಟರ್. ರೆಕ್ಕೆಯ ಈ ತುದಿಯಿಂದ ಆ ತುದಿಗೆ 9 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ನಿಮ್ಮ ಕೈಯಲ್ಲಿರೋ ಫೋನ್‌ಗಿಂತ ಚಿಕ್ಕದು. ಇದನ್ನ ಮುಗಿಸೋಕೆ ನನಗೆ ಐದು ತಿಂಗಳು ಬೇಕಾಯ್ತು, ಮೂರು ಟ್ಯೂಬ್ ಫೆವಿಕ್ವಿಕ್ ಖಾಲಿಯಾಯ್ತು, ಒಂದು ಬೆರಳಿನ ಚರ್ಮ ಎರಡು ಸಲ ಕಿತ್ತು ಬಂತು.

ವಿಮಾನದ ಹೆಸರು ಅಜೀತ್. ಸೋಲದವನು ಅಂತ ಅರ್ಥ. ಎಚ್‌ಎಎಲ್‌ನಲ್ಲಿ, ನಮ್ಮ ಬೆಂಗಳೂರಲ್ಲೇ ತಯಾರಾಗಿದ್ದು.

ಕಳೆದ ವರ್ಷ ಹವ್ಯಾಸಕ್ಕೆ ಅಂತ ಫೋಲಂಡ್ ನ್ಯಾಟ್ ವಿಮಾನದ ಪ್ಲಾಸ್ಟಿಕ್ ಕಿಟ್ ಒಂದನ್ನ ಜೋಡಿಸಿದ್ದೆ. ನಮ್ಮ ತಾತ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. ಅವರಿಗೆ ಈಗ 82. ಕಣ್ಣಿನ ನಡುಭಾಗದ ದೃಷ್ಟಿ ಹೋಗ್ತಾ ಇದೆ, ಎದುರಿಗೆ ಕೂತವರ ಮುಖ ಕಾಣಲ್ಲ, ಅಂಚು ಮಾತ್ರ ಕಾಣುತ್ತೆ. ಇನ್ನು ಜಾಸ್ತಿ ದಿನ ಇಷ್ಟೂ ಉಳಿಯಲ್ಲ ಅಂತ ಡಾಕ್ಟರ್ ಹೇಳಿಬಿಟ್ಟಿದ್ದಾರೆ. ನಾನು ಮಾಡೆಲ್ ತಗೊಂಡು ಹೋಗಿ, "ತಾತ, ನಿಮ್ಮ ವಿಮಾನ" ಅಂತ ಕೈಗೆ ಕೊಟ್ಟೆ. ಅವರು ಕಣ್ಣಿನ ಹತ್ತಿರಕ್ಕೂ ತಗೊಳ್ಳಲಿಲ್ಲ. ರೆಕ್ಕೆ ಕೆಳಗೆ ಹೆಬ್ಬೆರಳು ಆಡಿಸಿ ಅಂದ್ರು: "ಇದು ನ್ಯಾಟ್ ಕಣೋ. ಟ್ಯಾಂಕ್ ಕೆಳಗೆ ನೇತಾಡ್ತಿದೆ. ನಮ್ದು ಇದಲ್ಲ."

ಈ ಕಥೆ ಅಲ್ಲಿಂದ ಶುರು.

ಮೊದಲು ನ್ಯಾಟ್ ಬಗ್ಗೆ ಹೇಳಿಬಿಡ್ತೀನಿ. 1950ರ ದಶಕದ ಇಂಗ್ಲೆಂಡ್. ಯುದ್ಧವಿಮಾನಗಳು ವರ್ಷದಿಂದ ವರ್ಷಕ್ಕೆ ದೊಡ್ಡದಾಗ್ತಿವೆ, ಭಾರ ಆಗ್ತಿವೆ, ಬೆಲೆ ಏರ್ತಿದೆ. ಡಬ್ಲ್ಯೂ.ಇ.ಡಬ್ಲ್ಯೂ. ಪೆಟರ್ ಅನ್ನೋ ಡಿಸೈನರ್‌ಗೆ ಇದು ಸರಿ ಅನ್ನಿಸಲಿಲ್ಲ. ಈತ ಸಾಮಾನ್ಯ ಮನುಷ್ಯ ಅಲ್ಲ. ಲೈಸಾಂಡರ್, ಕ್ಯಾನ್‌ಬೆರಾ ಬಾಂಬರ್ ಎರಡೂ ಇವನ ಕೈಯಿಂದ ಬಂದಿದ್ದು. ಫೋಲಂಡ್ ಅನ್ನೋ ಸಣ್ಣ ಕಂಪನಿಗೆ ಸೇರಿಕೊಂಡು, ಅರ್ಧ ಸೈಜಿನ, ಅಗ್ಗದ, ಬೇಗ ಕಟ್ಟಬಹುದಾದ ಫೈಟರ್ ಮಾಡ್ತೀನಿ ಅಂತ ಹಠ ಹಿಡಿದ. ಮೊದಲು 1954ರಲ್ಲಿ ಮಿಡ್ಜ್, ಆಮೇಲೆ 1955ರ ಜುಲೈ 18ಕ್ಕೆ ನ್ಯಾಟ್ ಹಾರಿತು. ಎರಡೂ ಸೊಳ್ಳೆ, ನೊಣದಂಥ ಹುಳಗಳ ಹೆಸರು. ಸೈಜ್ ನೋಡಿದ್ರೆ ಸರಿಯಾಗೇ ಇದೆ: ರೆಕ್ಕೆಯ ಅಗಲ 7 ಮೀಟರ್ ಕೂಡ ಇಲ್ಲ.

ಈಗ ತಮಾಷೆ ನೋಡಿ. ಫೈಟರ್ ಆಗಿ ಅದನ್ನ ಸ್ವಂತ ದೇಶವೇ ಕೊಳ್ಳಲಿಲ್ಲ. ಬ್ರಿಟಿಷ್ ವಾಯುಪಡೆ ತಗೊಂಡಿದ್ದು ಎರಡು ಸೀಟಿನ ಟ್ರೇನರ್ ಮಾತ್ರ. ರೆಡ್ ಆ್ಯರೋಸ್ ತಂಡ 1965ರಿಂದ 1979ರವರೆಗೆ ಹಾರಿಸಿದ ಕೆಂಪು ವಿಮಾನ ಅದೇ. ಫಿನ್ಲೆಂಡ್ 13 ಫೈಟರ್ ಕೊಂಡಿತು, ಯುಗೊಸ್ಲಾವಿಯಾ ಎರಡು ತಗೊಂಡು ಪರೀಕ್ಷೆ ಮಾಡಿ ಸುಮ್ಮನಾಯ್ತು. ಪೆಟರ್ ಕೊನೆಗೆ ವಿಮಾನದ ಸಹವಾಸವೇ ಬೇಡ ಅಂತ ಬಿಟ್ಟು, ಸ್ವಿಟ್ಜರ್ಲೆಂಡ್‌ಗೆ ಹೋಗಿ ಒಂದು ಧಾರ್ಮಿಕ ಸಮುದಾಯ ಸೇರಿಬಿಟ್ಟ.

ಅದನ್ನ ಮನಸಾರೆ ತಗೊಂಡಿದ್ದು ಭಾರತ. 1956ರಲ್ಲಿ ಲೈಸೆನ್ಸ್ ಒಪ್ಪಂದ ಆಯ್ತು. ಬೆಂಗಳೂರಲ್ಲಿ ವಿಮಾನ ಮಾತ್ರ ಅಲ್ಲ, ಅದರ ಆರ್ಫಿಯಸ್ ಎಂಜಿನ್ ಕೂಡ ತಯಾರಾಗಬೇಕು ಅಂತ ತೀರ್ಮಾನ. ವಾಯುಪಡೆಗೆ ಬಂದ ಮೊದಲ ನ್ಯಾಟ್ ತಾನಾಗಿ ಹಾರಿಕೊಂಡು ಬರಲಿಲ್ಲ, ಸಿ-119 ಸರಕು ವಿಮಾನದ ಹೊಟ್ಟೆಯೊಳಗೆ ಕೂತು ಬಂತು. ಅಷ್ಟು ಚಿಕ್ಕದು.

1965ರ ಯುದ್ಧದಲ್ಲಿ ಈ ಚಿಕ್ಕ ಸೈಜೇ ಕೆಲಸಕ್ಕೆ ಬಂತು. ಸೆಪ್ಟೆಂಬರ್ 3ಕ್ಕೆ ಟ್ರೆವರ್ ಕೀಲರ್ ಒಂದು ಪಾಕಿಸ್ತಾನಿ ಸೇಬರ್ ಹೊಡೆದರು ಅಂತ ನಮ್ಮ ಲೆಕ್ಕ. ಆ ಸೇಬರ್ ಏಟು ತಿಂದರೂ ವಾಪಸ್ ಬಂದು ಇಳೀತು ಅಂತ ಪಾಕಿಸ್ತಾನದ ಲೆಕ್ಕ. ಅದೇ ದಿನ ಇನ್ನೊಬ್ಬ ನ್ಯಾಟ್ ಪೈಲಟ್, ಸ್ಕ್ವಾಡ್ರನ್ ಲೀಡರ್ ಸಿಕಂದ್, ಪಾಕಿಸ್ತಾನದ ಪಸ್ರೂರ್ ಏರ್‌ಫೀಲ್ಡ್‌ನಲ್ಲೇ ಇಳಿದುಬಿಟ್ಟರು. ಯಾಕೆ ಇಳಿದರು ಅನ್ನೋದಕ್ಕೆ ಎರಡೂ ಕಡೆ ಬೇರೆ ಬೇರೆ ಕಥೆ. ಆ ವಿಮಾನ ಈಗಲೂ ಕರಾಚಿಯ ಮ್ಯೂಸಿಯಂನಲ್ಲಿದೆ. ನಮ್ಮ ಕಡೆ ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಕೀಲರ್ ಇರ್ತಾರೆ, ಸಿಕಂದ್ ಇರಲ್ಲ. ಒಂದೇ ದಿನ ನಡೆದ ಎರಡು ವಿಷಯ, ಎರಡನ್ನೂ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ.

1971ರದ್ದು ನಿಮಗೆ ಗೊತ್ತಿರಬಹುದು. ನವೆಂಬರ್ 22ಕ್ಕೆ ಬೊಯ್ರಾ ಮೇಲೆ ನಾಲ್ಕು ನ್ಯಾಟ್‌ಗಳು ಸೇಬರ್‌ಗಳ ಮೇಲೆ ಬಿದ್ದವು, ಎರಡು ಸೇಬರ್ ಉರುಳಿದವು. ಪ್ಯಾರಾಶೂಟ್‌ನಲ್ಲಿ ಇಳಿದು ಸೆರೆ ಸಿಕ್ಕ ಪೈಲಟ್‌ಗಳಲ್ಲಿ ಒಬ್ಬ, ಪರ್ವೇಜ್ ಮೆಹ್ದಿ ಖುರೇಷಿ, ಮುಂದೆ ಪಾಕಿಸ್ತಾನ ವಾಯುಪಡೆಯ ಮುಖ್ಯಸ್ಥರೇ ಆದರು! ಡಿಸೆಂಬರ್ 14ಕ್ಕೆ ಶ್ರೀನಗರದಲ್ಲಿ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಏರಿದ್ದೂ ನ್ಯಾಟ್‌ನಲ್ಲೇ. ವಾಯುಪಡೆಗೆ ಸಿಕ್ಕ ಒಂದೇ ಒಂದು ಪರಮವೀರ ಚಕ್ರ ಅವರದ್ದು.

ಇಷ್ಟೆಲ್ಲ ಆದ್ಮೇಲೂ ನ್ಯಾಟ್ ಹಾರಿಸಿದವರಿಗೆ ತಲೆನೋವು ತಪ್ಪಿರಲಿಲ್ಲ. ಹೈಡ್ರಾಲಿಕ್ಸ್ ಕೈ ಕೊಡ್ತಿತ್ತು, ಮೂಗು ಮೇಲೆ ಕೆಳಗೆ ಮಾಡೋ ಕಂಟ್ರೋಲ್ ನಂಬಿಕೆಗೆ ಅರ್ಹ ಆಗಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಇಂಧನ. ಹೊಟ್ಟೆಯಲ್ಲಿ ಹಿಡಿಯೋದು ಸ್ವಲ್ಪ, ದೂರ ಹೋಗಬೇಕು ಅಂದ್ರೆ ರೆಕ್ಕೆ ಕೆಳಗೆ ಟ್ಯಾಂಕ್ ಕಟ್ಟಬೇಕು. ಟ್ಯಾಂಕ್ ಕಟ್ಟಿದ್ರೆ ಬಾಂಬು, ರಾಕೆಟ್ ಎಲ್ಲಿ ಹಾಕೋದು? ನಿಮ್ಮ ಬೈಕ್‌ನ ಹಿಂದಿನ ಸೀಟಲ್ಲಿ ಪೆಟ್ರೋಲ್ ಕ್ಯಾನ್ ಕಟ್ಟಿಕೊಂಡು ಫ್ರೆಂಡ್‌ಗೆ ಡ್ರಾಪ್ ಕೊಡ್ತೀನಿ ಅಂದ ಹಾಗೆ.

ಎಚ್‌ಎಎಲ್ ಹುಡುಕಿದ ಉತ್ತರವೇ ಅಜೀತ್. ಹೊಸ ವಿಮಾನ ಅಲ್ಲ, ನ್ಯಾಟನ್ನೇ ಮಾರ್ಪಾಡು ಮಾಡಿದ್ದು. 1975ರ ಮಾರ್ಚ್‌ನಲ್ಲಿ ಹಾರಿದ ಮೊದಲ ಪ್ರೊಟೊಟೈಪ್ ಕೂಡ ಒಂದು ಬದಲಾಯಿಸಿದ ನ್ಯಾಟ್. ಕಾರ್ಖಾನೆಯಿಂದ ಹೊಸದಾಗಿ ಬಂದ ಮೊದಲನೆಯದು 1976ರ ಸೆಪ್ಟೆಂಬರ್‌ನಲ್ಲಿ ಹಾರಿತು. ಒಟ್ಟು 79 ತಯಾರಾದವು, ಜೊತೆಗೆ ಹತ್ತು ಹಳೇ ನ್ಯಾಟ್‌ಗಳನ್ನ ಅಜೀತ್ ಮಾಡಿದ್ರು. ಮಾರ್ಟಿನ್-ಬೇಕರ್ ಕಂಪನಿಯ ಹೊಸ ಇಜೆಕ್ಷನ್ ಸೀಟು ಬಂತು, ಕಂಟ್ರೋಲ್ ಸುಧಾರಿಸಿತು, ರೆಕ್ಕೆ ಕೆಳಗೆ ಶಸ್ತ್ರಾಸ್ತ್ರಕ್ಕೆ ನಾಲ್ಕು ಪೈಲಾನ್ ಖಾಲಿ ಸಿಕ್ಕವು. ಯಾಕೆ ಸಿಕ್ಕವು ಅನ್ನೋದೇ ಮುಖ್ಯ ವಿಷಯ, ಅದಕ್ಕೆ ಆಮೇಲೆ ಬರ್ತೀನಿ.

ಈಗ ನನ್ನ ಟೇಬಲ್‌ಗೆ ಬನ್ನಿ. ಅಜೀತ್ ಮಾಡೆಲ್ ಬೇಕು, ಕೈಯಲ್ಲಿರೋದು ನ್ಯಾಟ್ ಕಿಟ್. ಇಂಥ ಕಡೆಯೇ ಕನ್ವರ್ಷನ್ ಸೆಟ್ ಬರೋದು. ಇದು ಪೂರ್ತಿ ಮಾಡೆಲ್ ಅಲ್ಲ, ಬದಲಾಗಬೇಕಾದ ಭಾಗಗಳು ಮಾತ್ರ, ರೆಸಿನ್‌ನಲ್ಲಿ ಎರಕ ಹೊಯ್ದಿದ್ದು. ಕಾಮರ್ಸ್ ಓದಿದವನಾಗಿ ಒಂದ್ ನಿಮಿಷ ಲೆಕ್ಕ ಹೇಳ್ತೀನಿ, ಸಹಿಸ್ಕೊಳ್ಳಿ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಒಂದ್ಸಲ ಫೇಲ್ ಆಗಿದ್ದೆ, ಆ ಸೇಡು ಇನ್ನೂ ತೀರಿಲ್ಲ. ಅಂಗಡಿಯಲ್ಲಿ ಸಿಗೋ ಪ್ಲಾಸ್ಟಿಕ್ ಕಿಟ್‌ಗೆ ಲೋಹದ ಅಚ್ಚು ಬೇಕು. ಆ ಅಚ್ಚಿಗೆ ಭಯಂಕರ ದುಡ್ಡು, ಆದರೆ ಒಮ್ಮೆ ಮಾಡಿದ್ರೆ ಸಾವಿರಾರು ಕಿಟ್ ಒತ್ತಬಹುದು. ಸ್ಪಿಟ್‌ಫೈರ್‌ಗೆ ಸರಿ, ಜಗತ್ತೆಲ್ಲ ಕೊಳ್ಳುತ್ತೆ. ಅಜೀತ್ ಯಾರು ಕೊಳ್ತಾರೆ? ರೆಸಿನ್ ಉಲ್ಟಾ. ಅಚ್ಚು ಸಿಲಿಕೋನ್ ರಬ್ಬರ್‌ದು, ಗ್ಯಾರೇಜಲ್ಲೇ ಮಾಡಬಹುದು, ಖರ್ಚು ಕಮ್ಮಿ. ಆದರೆ ಕೆಲವೇ ಡಜನ್ ಎರಕಕ್ಕೆ ಹರಿದು ಹಾಳಾಗುತ್ತೆ. ಹಾಗಾಗಿ ಯಾರಿಗೂ ಬೇಡದ ವಿಮಾನಗಳು ಬದುಕಿರೋದು ರೆಸಿನ್‌ನಲ್ಲಿ. ನನ್ನ ಸೆಟ್‌ನ ಬೆಲೆ ಮೂಲ ಕಿಟ್‌ಗಿಂತ ಜಾಸ್ತಿ.

ಎಚ್‌ಎಎಲ್ ಮಾಡಿದ ಲೆಕ್ಕವೂ ಬೇರೆ ಅಲ್ಲ ಅನ್ನಿಸುತ್ತೆ ನನಗೆ. ಜಿಗ್ ಇದೆ, ಟೂಲಿಂಗ್ ಇದೆ, ಕೆಲಸ ಗೊತ್ತಿರೋ ಜನ ಇದ್ದಾರೆ. ಹೊಸ ಅಚ್ಚು ಯಾಕೆ, ಇರೋದನ್ನ ತಿದ್ದೋಣ.

ಪ್ಯಾಕೆಟ್ ಬಿಚ್ಚಿದೆ. ಕೆನೆ ಬಣ್ಣದ ಸಣ್ಣ ಸಣ್ಣ ತುಂಡುಗಳು. ಸೀಟು, ನಾಲ್ಕು ಪೈಲಾನ್, ಹಿಂದಿನ ಬಾಲದ ರೆಕ್ಕೆಗಳು. ಎರಡು ಪೈಲಾನ್ ಬಾಳೆಹಣ್ಣಿನ ಥರ ಬಗ್ಗಿದ್ದವು, ಒಂದರಲ್ಲಿ ಗಾಳಿಗುಳ್ಳೆ. ಹೊಸಬರಿಗೆ ಇಲ್ಲಿ ನಾಲ್ಕು ಮಾತು ಹೇಳಬೇಕು. ರೆಸಿನ್ ತುಂಡುಗಳನ್ನ ಮೊದಲು ಸೋಪಿನ ನೀರಲ್ಲಿ ತೊಳೀಬೇಕು, ಅಚ್ಚಿನಿಂದ ಬಿಡಿಸೋಕೆ ಹಚ್ಚಿದ ಜಿಡ್ಡು ಹೋಗದಿದ್ರೆ ಪೇಂಟ್ ಹಿಡಿಯಲ್ಲ. ಬಗ್ಗಿದ್ದನ್ನ ಬಿಸಿನೀರಲ್ಲಿ ಅದ್ದಿ, ಮೆತ್ತಗಾದಾಗ ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿದ್ರೆ ಹಾಗೇ ನಿಲ್ಲುತ್ತೆ. ಗುಳ್ಳೆಗೆ ಫೆವಿಕ್ವಿಕ್ ಮತ್ತು ಟಾಲ್ಕಂ ಪೌಡರ್. ಮುಖ್ಯವಾಗಿ, ಪ್ಲಾಸ್ಟಿಕ್ ಕಿಟ್‌ನ ಗಮ್ ಇಲ್ಲಿ ನಡೆಯಲ್ಲ. ಅದು ಪಾಲಿಸ್ಟೈರೀನ್ ಕರಗಿಸಿ ಬೆಸೆಯುತ್ತೆ, ರೆಸಿನ್ ಅದಕ್ಕೆ ಕರಗೋದೇ ಇಲ್ಲ. ಇನ್ನು ಗರಗಸ ಹಾಕುವಾಗ, ಉಜ್ಜುವಾಗ ಮಾಸ್ಕ್ ಹಾಕ್ಕೊಳ್ಳಿ, ನೀರು ಹಚ್ಚಿ ಉಜ್ಜಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ. ಇದನ್ನ ತಮಾಷೆಗೆ ಹೇಳ್ತಿಲ್ಲ.

ಅಳತೆಯದ್ದೇ ದೊಡ್ಡ ಕಷ್ಟ. 1/72 ಸ್ಕೇಲ್ ಅಂದ್ರೆ ಆರು ಅಡಿ ಮನುಷ್ಯ ಒಂದು ಇಂಚು ಆಗ್ತಾನೆ. ಈ ಸ್ಕೇಲ್ 1936ರಲ್ಲೇ ಇಂಗ್ಲೆಂಡ್‌ನ ಫ್ರಾಗ್ ಪೆಂಗ್ವಿನ್ ಕಿಟ್‌ಗಳಲ್ಲಿ ಇತ್ತು. 1942ರಲ್ಲಿ ಅಮೆರಿಕದ ನೌಕಾಪಡೆ, ಶತ್ರು ವಿಮಾನ ಗುರುತಿಸೋ ತರಬೇತಿಗೆ ಅಂತ, ಶಾಲಾ ಮಕ್ಕಳ ಹತ್ತಿರ ಇದೇ ಸ್ಕೇಲ್‌ನಲ್ಲಿ ಐದು ಲಕ್ಷ ಮಾಡೆಲ್ ಕೇಳಿತ್ತು. ನನ್ನ ಲೆಕ್ಕಕ್ಕೆ ಅರ್ಧ ಮಿಲಿಮೀಟರ್ ತಪ್ಪಿದ್ರೆ ನಿಜವಾದ ವಿಮಾನದಲ್ಲಿ 3.6 ಸೆಂಟಿಮೀಟರ್ ತಪ್ಪಿದ ಹಾಗೆ. ಪೈಲಾನ್ ಎಲ್ಲಿ ಕೂರಬೇಕು ಅನ್ನೋದು ಸೆಟ್‌ನ ಜೊತೆ ಬಂದ ಚೀಟಿಯಿಂದ ಗೊತ್ತಾಗಲಿಲ್ಲ. ಒಂದು ಭಾನುವಾರ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ ಹೋಗಿ, ಅಲ್ಲಿ ನಿಲ್ಲಿಸಿರೋ ಅಜೀತ್‌ನ ರೆಕ್ಕೆ ಅಡಿಯಿಂದ ನಲವತ್ತು ಫೋಟೋ ತೆಗೆದುಕೊಂಡು ಬಂದೆ. ಸೆಲ್ಫಿ ತೆಗೀತಿದ್ದ ಹುಡುಗರು ನನ್ನನ್ನ ವಿಚಿತ್ರವಾಗಿ ನೋಡಿದ್ರು.

ಆ ಫೋಟೋಗಳನ್ನ ತಾತನಿಗೆ ಒಂದೊಂದಾಗಿ ವಿವರಿಸಿ ಹೇಳ್ತಿದ್ದಾಗ, "ನೀವು ಇದರಲ್ಲಿ ಯಾವ ಭಾಗ ಮಾಡಿದ್ದು ತಾತ?" ಅಂತ ಕೇಳಿದೆ. ಇಷ್ಟು ವರ್ಷ ಕೇಳಿರಲೇ ಇಲ್ಲ, ನಾಚಿಕೆ ಆಗುತ್ತೆ. ಅವರು ಅಂದ್ರು: "ಅದು ನಿನ್ನ ಫೋಟೋದಲ್ಲಿ ಬರಲ್ಲ."

ಅಜೀತ್‌ನ ಗುಟ್ಟು ಪೈಲಾನ್ ಅಲ್ಲ, ರೆಕ್ಕೆಯ ಒಳಗಿದೆ. ರೆಕ್ಕೆಯೊಳಗೆ ಬೇರೆ ಟ್ಯಾಂಕ್ ಇಡೋ ಬದಲು ರೆಕ್ಕೆಯನ್ನೇ ಟ್ಯಾಂಕ್ ಮಾಡಿದ್ರು. ವೆಟ್ ವಿಂಗ್ ಅಂತಾರೆ. ಇಂಧನ ಒಳಗೆ ಹೋಯ್ತು, ಕೆಳಗೆ ನೇತಾಡೋ ಟ್ಯಾಂಕ್ ಬೇಡ ಆಯ್ತು, ಪೈಲಾನ್‌ಗಳು ಶಸ್ತ್ರಕ್ಕೆ ಸಿಕ್ಕವು. ಹೇಳೋಕೆ ಒಂದು ಸಾಲು. ಆದರೆ ರೆಕ್ಕೆ ಅಂದ್ರೆ ನೂರಾರು ರಿವೆಟ್, ಕೀಲು, ಅಂಚು. ಒಂದೊಂದೂ ಸೋರೋ ಜಾಗ. ಪ್ರತಿಯೊಂದಕ್ಕೂ ಒಳಗಿನಿಂದ ಸೀಲೆಂಟ್ ಬಳೀಬೇಕು. ತಾತ ವರ್ಷಗಟ್ಟಲೆ ಮಾಡಿದ್ದು ಅದನ್ನೇ. "ಅಷ್ಟು ತೆಳ್ಳಗಿನ ರೆಕ್ಕೆ, ಕೈ ಪೂರ್ತಿ ಹೋಗ್ತಿರಲಿಲ್ಲ. ಬೆರಳಲ್ಲೇ ನೋಡ್ತಿದ್ವಿ" ಅಂದ್ರು. ನನ್ನ ಮೊದಲ ಮಾಡೆಲನ್ನ ಅವರು ಹೆಬ್ಬೆರಳಲ್ಲಿ ಯಾಕೆ ನೋಡಿದ್ರು ಅಂತ ನನಗೆ ಆಗ ಗೊತ್ತಾಯ್ತು.

"ಅಜೀತ್ ಅಂದ್ರೆ ನ್ಯಾಟ್‌ಗೆ ಹೊಸ ಹೆಸರಿಟ್ಟಿದ್ದು ಅಷ್ಟೇ" ಅನ್ನೋ ಮಾತು ನೀವು ಕೇಳಿರ್ತೀರಿ. ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ಹೊರಗಿನಿಂದ ನೋಡಿದ್ರೆ ತಪ್ಪೂ ಅಲ್ಲ, ರೆಸಿನ್ ಸೆಟ್‌ನಲ್ಲಿ ಇರೋದೇ ಬೆರಳೆಣಿಕೆಯ ತುಂಡು. ಹಾಗಂತ ಅಜೀತನ್ನ ಹೊಗಳಿ ಅಟ್ಟಕ್ಕೇರಿಸೋಕೂ ನಾನು ತಯಾರಿಲ್ಲ. ಅದು ಲೇಟಾಗಿ ಬಂತು. 1950ರ ದಶಕದ ಡಿಸೈನ್, 1976ರಲ್ಲಿ. ಅಷ್ಟು ಹೊತ್ತಿಗೆ ವಾಯುಪಡೆಯಲ್ಲಿ ಮಿಗ್-21 ಇತ್ತು, ಜಾಗ್ವಾರ್ ಬರೋದರಲ್ಲಿತ್ತು. ಎರಡು ಸೀಟಿನ ಅಜೀತ್ ಟ್ರೇನರ್ 1982ರಲ್ಲಿ ಹಾರಿತು, ಆ ಮೊದಲ ಪ್ರೊಟೊಟೈಪ್ ಅದೇ ವರ್ಷ ಬಿದ್ದುಹೋಯ್ತು. 1991ಕ್ಕೆ ಅಜೀತ್ ಸೇವೆಯಿಂದ ಹೊರಗೆ. ಯುದ್ಧದಲ್ಲಿ ಹೆಸರು ಮಾಡಿದ್ದು ನ್ಯಾಟ್, ಅಜೀತ್‌ಗೆ ಆ ಅವಕಾಶವೇ ಬರಲಿಲ್ಲ. ಆದರೂ ಆ ರೆಕ್ಕೆ ಇಂಗ್ಲೆಂಡ್‌ನಿಂದ ಬಂದ ಡ್ರಾಯಿಂಗ್‌ನಲ್ಲಿ ಇರಲಿಲ್ಲ. ಅದನ್ನ ಇಲ್ಲೇ ಯೋಚಿಸಿ, ಇಲ್ಲೇ ಸೀಲ್ ಮಾಡಿದ್ರು. ನನ್ನ ಮಾಡೆಲ್‌ನಲ್ಲಿ ಅದನ್ನ ತೋರಿಸೋ ದಾರಿ ಇಲ್ಲ.

ಹೋದ ವಾರ ಮುಗಿಸಿ ತಗೊಂಡು ಹೋದೆ. ತಾತ ಮಂಚದ ಮೇಲೆ ಕೂತು, ಮಡಿಲಲ್ಲಿ ಇಟ್ಟುಕೊಂಡು, ರೆಕ್ಕೆ ಕೆಳಗೆ ಬೆರಳು ಆಡಿಸಿದ್ರು. ಒಂದು, ಎರಡು. ಆ ಕಡೆ ಒಂದು, ಎರಡು. "ಹ್ಞೂಂ" ಅಂದ್ರು. ಆಮೇಲೆ ರೆಕ್ಕೆ ಮೇಲಿನ ಜಾಯಿಂಟನ್ನ ಉಗುರಲ್ಲಿ ಕೆರೆದು ನೋಡಿ, "ಇಲ್ಲಿ ಸರಿಯಾಗಿ ತುಂಬಿಲ್ಲ, ಸೋರುತ್ತೆ" ಅಂದ್ರು. ನಾನು ನಕ್ಕೆ, ಅವರು ನಗಲಿಲ್ಲ.

ಟೀಪಾಯಿ ಮೇಲೆ ಇಟ್ಟಾಗ ಇನ್ನೊಂದು ಸಿಕ್ಕಿಬಿತ್ತು. ಮೂರು ಚಕ್ರದ ಮಾಡೆಲ್‌ಗೆ ಮೂಗಿನೊಳಗೆ ಭಾರ ಇಡಬೇಕು, ಇಲ್ಲಾಂದ್ರೆ ಬಾಲದ ಮೇಲೆ ಕೂತುಬಿಡುತ್ತೆ. ರೆಸಿನ್ ಪ್ಲಾಸ್ಟಿಕ್‌ಗಿಂತ ಭಾರ, ಬಾಲ ಪೂರ್ತಿ ರೆಸಿನ್. ನಾನು ಹಾಕಿದ್ದ ಎರಡು ಸೀಸದ ಗುಂಡು ಸಾಲಲಿಲ್ಲ, ಮೂಗು ಆಗಲೇ ಮುಚ್ಚಿ ಪೇಂಟೂ ಆಗಿತ್ತು. ಅದಕ್ಕೆ ಬಾಲದ ಕೆಳಗೆ ಒಂದು ಬೆಂಕಿಕಡ್ಡಿ ತುಂಡು ಸಿಗಿಸಿ, ಅವರಿಗೆ ಕಾಣಲ್ಲ ಅಂತ ಸುಮ್ಮನಿದ್ದೆ. ತಾತ ಇನ್ನೊಂದು ಸಲ ಕೈ ಚಾಚಿ, ಮೂಗಿಂದ ಬಾಲದವರೆಗೆ ಸವರಿ, ಅಲ್ಲೇ ನಿಲ್ಲಿಸಿದ್ರು.

"ಇದೇನೋ ಕಡ್ಡಿ?"

ಸರಿ, ಇವತ್ತಿಗೆ ಇಷ್ಟು. ಆ ಮೂಗನ್ನ ಈಗ ಬಿಚ್ಚಬೇಕು ನಾನು. ಮುಂದಿನ ವಾರ ಸಿಗೋಣ.