ಕೀಲು ಸಡಿಲಾದಾಗ: ಹಳೆಯ ವಿದ್ಯುತ್ ಕಾರುಗಳ ಒಂದು ಮರೆತ ಚರಿತ್ರೆ

ವಿದ್ಯುತ್ ಕಾರಿನ ಚರಿತ್ರೆಯನ್ನು ಬಹುಮಟ್ಟಿಗೆ ಬ್ಯಾಟರಿಯ ಚರಿತ್ರೆಯಾಗಿಯೇ ಬರೆಯಲಾಗಿದೆ. ಸೀಸದ ಬ್ಯಾಟರಿ ಭಾರವಾಗಿತ್ತು, ಹೆಚ್ಚು ದೂರ ಓಡಲಿಲ್ಲ, ಪೆಟ್ರೋಲು ಗೆದ್ದಿತು. ಲಿಥಿಯಂ ಬಂದ ಮೇಲೆ ಕಾಲ ತಿರುಗಿತು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಆದರೆ ಈ ಕಾರುಗಳನ್ನು ವರ್ಷಗಟ್ಟಲೆ ಓಡುವಂತೆ ಇಟ್ಟುಕೊಂಡವರ ಕೈಗಳಿಗೆ ಇನ್ನೊಂದು ಚರಿತ್ರೆ ಗೊತ್ತಿತ್ತು. ಅದು ಲೋಹಕ್ಕೆ ಲೋಹ ತಾಗುವ ಜಾಗಗಳ ಚರಿತ್ರೆ. ಬ್ಯಾಟರಿಯ ಟರ್ಮಿನಲ್, ಕೇಬಲ್ಲಿನ ಲಗ್, ಕಾಂಟ್ಯಾಕ್ಟರಿನ ತುದಿ ಇವುಗಳಲ್ಲಿ ಒಂದು ಕೆಟ್ಟರೂ ಬ್ಯಾಟರಿ, ಮೋಟಾರು ಎರಡೂ ಸರಿಯಿದ್ದು ಕಾರು ನಡುರಸ್ತೆಯಲ್ಲಿ ನಿಲ್ಲುತ್ತದೆ.

1897ರಲ್ಲಿ ವಾಲ್ಟರ್ ಬರ್ಸಿ ಲಂಡನ್ನಿನ ಬೀದಿಗಳಿಗೆ ವಿದ್ಯುತ್ ಬಾಡಿಗೆ ಬಂಡಿಗಳನ್ನು ಇಳಿಸಿದರು. ಅವು ಎರಡು ವರ್ಷಗಳಲ್ಲಿ ಮರೆಯಾದವು. ಅಲುಗಾಟ, ಟೈರುಗಳ ಸವೆತ, ಬ್ಯಾಟರಿಯ ದೌರ್ಬಲ್ಯ ಇವು ಆಗಿನ ದೂರುಗಳು. ಆದರೂ ಆ ಕಾಲ ವಿದ್ಯುತ್ ಬಂಡಿಗಳಿಗೆ ಪ್ರತಿಕೂಲವಾಗಿರಲಿಲ್ಲ: 1900ರ ಲೆಕ್ಕದಂತೆ ಅಮೆರಿಕದಲ್ಲಿ ತಯಾರಾದ 4,192 ಕಾರುಗಳ ಪೈಕಿ 1,575 ವಿದ್ಯುತ್ತಿನವು, ಪೆಟ್ರೋಲಿನವು ಕೇವಲ 936.

ಆ ಕಾಲದ ಅನೇಕ ಬಂಡಿಗಳಲ್ಲಿ ವೇಗವನ್ನು ನಿಯಂತ್ರಿಸುತ್ತಿದ್ದದ್ದು ಉರುಳೆಯಾಕಾರದ ಒಂದು ಸಾಧನ. ಉರುಳೆಯ ಮೇಲೆ ತಾಮ್ರದ ಪಟ್ಟಿಗಳು, ಅವುಗಳನ್ನು ಸ್ಪ್ರಿಂಗಿನ ಬಲದಿಂದ ಒತ್ತುವ ತಾಮ್ರದ ಬೆರಳುಗಳು. 1907ರಲ್ಲಿ ಮುಂಬಯಿಯಲ್ಲಿ ವಿದ್ಯುತ್ ಟ್ರಾಮು ಆರಂಭವಾದಾಗ ಚಾಲಕನ ಕೈಯಲ್ಲಿದ್ದ ಹಿಡಿಕೆಯೂ ಇದೇ ವಂಶದ್ದು. ಹಿಡಿಕೆ ತಿರುಗಿದಾಗಲೆಲ್ಲ ಕಿಡಿ ಹಾರುತ್ತಿತ್ತು, ತಾಮ್ರ ಸುಟ್ಟು ಗುಳಿ ಬೀಳುತ್ತಿತ್ತು. ಬೆರಳುಗಳನ್ನು ಅರದಿಂದ ಉಜ್ಜುವುದು, ಸ್ಪ್ರಿಂಗಿನ ಬಿಗಿ ನೋಡುವುದು, ಸವೆದದ್ದನ್ನು ಬದಲಿಸುವುದು ನಿತ್ಯದ ಆರೈಕೆಯ ಭಾಗವಾಗಿತ್ತು. ನಗರಗಳ ಶ್ರೀಮಂತರು ತಮ್ಮ ವಿದ್ಯುತ್ ಕಾರುಗಳನ್ನು ಇದಕ್ಕೆಂದೇ ಇದ್ದ ಗ್ಯಾರೇಜುಗಳಲ್ಲಿ ಬಿಡುತ್ತಿದ್ದರು. ಚಾರ್ಜು ಮಾಡುವವನೇ ಟರ್ಮಿನಲ್ಲನ್ನೂ ಒರೆಸುತ್ತಿದ್ದ. ಕಾರುಗಳು ಹೋದವು, ಗ್ಯಾರೇಜುಗಳು ಮುಚ್ಚಿದವು, ಆ ಕೈಗಳ ತಿಳಿವಳಿಕೆಯೂ ಚದುರಿತು. ಬ್ರಿಟನ್ನಿನಲ್ಲಿ ಮನೆಮನೆಗೆ ಹಾಲು ಹಂಚುತ್ತಿದ್ದ ವಿದ್ಯುತ್ ಗಾಡಿಗಳ ಡಿಪೋಗಳಲ್ಲಿ ಮಾತ್ರ ಅದು ದಶಕಗಳ ಕಾಲ ಉಳಿಯಿತು.

ಕೈಗಳಿಗೆ ಗೊತ್ತಿದ್ದುದಕ್ಕೆ ಶಾಸ್ತ್ರದ ಆಧಾರ ದೊರೆತದ್ದು ತಡವಾಗಿ. ಸ್ವೀಡನ್ನಿನ ರಾಗ್ನಾರ್ ಹೋಮ್ ವಿದ್ಯುತ್ ಸಂಪರ್ಕಗಳ ಭೌತಶಾಸ್ತ್ರವನ್ನು ಕುರಿತ ತಮ್ಮ ಗ್ರಂಥವನ್ನು 1941ರಲ್ಲಿ ಜರ್ಮನ್ ಭಾಷೆಯಲ್ಲಿಯೂ 1946ರಲ್ಲಿ ಇಂಗ್ಲಿಷಿನಲ್ಲಿಯೂ ಪ್ರಕಟಿಸಿದರು. ಎರಡು ಲೋಹದ ಮುಖಗಳು ಕಣ್ಣಿಗೆ ಎಷ್ಟೇ ನಯವಾಗಿ ಕಂಡರೂ ಕೆಲವೇ ಸೂಕ್ಷ್ಮ ಬಿಂದುಗಳಲ್ಲಿ ನಿಜವಾಗಿ ಕೂಡುತ್ತವೆ. ಇಡೀ ಪ್ರವಾಹ ಆ ಬಿಂದುಗಳ ಮೂಲಕವೇ ನುಸುಳಬೇಕು. ಬಿಗಿ ಒತ್ತಡ ಬಿಂದುಗಳನ್ನು ಹೆಚ್ಚಿಸುತ್ತದೆ, ಕಿಲುಬು ಅವುಗಳನ್ನು ಮುಚ್ಚುತ್ತದೆ. ಬಿಂದುಗಳು ಕಡಿಮೆಯಾದಂತೆ ಶಾಖ ಏರುತ್ತದೆ, ಶಾಖ ಏರಿದಂತೆ ಕಿಲುಬು ಬೆಳೆಯುತ್ತದೆ, ಬೆಳೆದ ಕಿಲುಬು ಮತ್ತಷ್ಟು ಶಾಖವನ್ನು ಹುಟ್ಟಿಸುತ್ತದೆ.

ಈ ವಿಷವರ್ತುಲದ ಅರ್ಥ ನಮ್ಮವರಿಗೆ ಮನದಟ್ಟಾದದ್ದು ಬೆಂಗಳೂರಿನ ಒಂದು ಪುಟ್ಟ ಕಾರಿನಿಂದ. ಚೇತನ್ ಮೈನಿಯವರ ನೇತೃತ್ವದಲ್ಲಿ ರೂಪುಗೊಂಡ ರೇವಾ 2001ರಲ್ಲಿ ಬೆಂಗಳೂರಿನ ಮಾರುಕಟ್ಟೆಗೆ ಬಂದಿತು. 2004ರಿಂದ ಅದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲಿ ಓಡಾಡಿತು. ಬರ್ಸಿಯ ಬಂಡಿಗಳು ಮರೆಯಾದ ಬೀದಿಗಳಿಗೆ ಶತಮಾನದ ಬಳಿಕ ಕರ್ನಾಟಕದ ವಿದ್ಯುತ್ ಕಾರು ಹೋಗಿ ನಿಂತಿತ್ತು.

ಅದರ ಸೀಟಿನ ಕೆಳಗೆ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು, ಒಟ್ಟು 48 ವೋಲ್ಟು. ಅಂದರೆ ಹದಿನಾರು ಟರ್ಮಿನಲ್ಲುಗಳು, ಅವುಗಳಲ್ಲಿ ಯಾವ ಒಂದು ಸಡಿಲಾದರೂ ಇಡೀ ಸಾಲು ಸೊರಗುತ್ತದೆ. ವೋಲ್ಟೇಜು ಕಡಿಮೆಯಾದಷ್ಟೂ ಪ್ರವಾಹ ಹೆಚ್ಚಿರಬೇಕು. ಇಂದಿನ 400 ವೋಲ್ಟಿನ ಕಾರು ಪಡೆಯುವಷ್ಟೇ ಶಕ್ತಿಯನ್ನು 48 ವೋಲ್ಟಿನಿಂದ ಪಡೆಯಬೇಕಾದರೆ ಪ್ರವಾಹ ಎಂಟು ಪಟ್ಟಿಗಿಂತ ಹೆಚ್ಚಾಗುತ್ತದೆ. ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಒಂದೇ ಬಗೆಯ ಸಡಿಲ ಸಂಪರ್ಕದಲ್ಲಿ ಅದು ಅರವತ್ತು ಪಟ್ಟನ್ನೂ ಮೀರುತ್ತದೆ. ಮೇಲ್ಸೇತುವೆ ಏರುವಾಗ 200 ಆಂಪಿಯರ್ ಹರಿಯುತ್ತಿದೆ ಎನ್ನೋಣ. ಒಂದು ಟರ್ಮಿನಲ್ಲಿನಲ್ಲಿ ಓಮಿನ ಸಾವಿರದಲ್ಲಿ ಐದು ಭಾಗದಷ್ಟು ಅಡ್ಡಿಯಿದ್ದರೂ ಅಲ್ಲಿ 200 ವಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರ 25 ವಾಟಿನ ಎಂಟು ಬೆಸುಗೆ ಕಡ್ಡಿಗಳನ್ನು ಒಂದೇ ಬೋಲ್ಟಿಗೆ ಒತ್ತಿಹಿಡಿದಂತೆ! ಸೀಸ ಕರಗಲು 327 ಡಿಗ್ರಿ ಸಾಕು. ಫ್ಯೂಸು ಇಲ್ಲಿ ಕಾಯದು. ಪ್ರವಾಹ ಮಿತಿಯೊಳಗೇ ಇರುವುದರಿಂದ ಅದಕ್ಕೆ ಈ ಬೆಂಕಿಯ ಸುಳಿವೇ ಸಿಗುವುದಿಲ್ಲ.

ಸೀಸದ ಬ್ಯಾಟರಿಯೇ ತನ್ನ ಟರ್ಮಿನಲ್ಲಿನ ಶತ್ರುವೂ ಹೌದು. ಚಾರ್ಜಾಗುವಾಗ ಏಳುವ ಆಮ್ಲದ ತುಂತುರು ತಾಮ್ರವನ್ನು ತಿಂದು ನೀಲಿಹಸಿರು ಕಿಲುಬನ್ನು ಬಿಡುತ್ತದೆ. ಮೃದುವಾದ ಸೀಸ ಒತ್ತಡಕ್ಕೆ ನಿಧಾನವಾಗಿ ಹರಿಯುವುದರಿಂದ ಇಂದು ಬಿಗಿಯಾಗಿದ್ದ ಬೋಲ್ಟು ಕೆಲ ತಿಂಗಳಲ್ಲಿ ಸಡಿಲಾಗುತ್ತದೆ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ಊರುಗಳ ಉಪ್ಪುಗಾಳಿ ಈ ಕೆಡುಕಿಗೆ ಕೈಗೂಡಿಸುತ್ತದೆ.

ಪರಿಹಾರ ನೂರು ವರ್ಷಗಳಿಂದಲೂ ಹೆಚ್ಚು ಬದಲಾಗಿಲ್ಲ. ಚಾರ್ಜರನ್ನು ಕಳಚಿ, ಬೆರಳಿನ ಉಂಗುರ ತೆಗೆದು, ಹಿಡಿಗೆ ಟೇಪು ಸುತ್ತಿದ ಸ್ಪ್ಯಾನರಿನಿಂದ ಟರ್ಮಿನಲ್ಲನ್ನು ಬಿಚ್ಚಬೇಕು. ಅಡಿಗೆ ಸೋಡಾದ ನೀರಿನಿಂದ ಆಮ್ಲವನ್ನು ತೊಳೆಯಬೇಕು. ಆ ನೀರು ಬ್ಯಾಟರಿಯ ಒಳಗೆ ಸೇರಬಾರದು. ಒಣಗಿದ ಮೇಲೆ ಲೋಹ ಹೊಳೆಯುವವರೆಗೆ ತಂತಿಬ್ರಷ್ಷಿನಿಂದ ಉಜ್ಜಿ, ತಯಾರಕರು ಹೇಳಿದಷ್ಟೇ ಬಿಗಿ ಕೊಡಬೇಕು. ಅತಿಯಾದರೆ ಸೀಸದ ಕಂಬವೇ ಮುರಿದೀತು. ಪೆಟ್ರೋಲಿಯಂ ಜೆಲ್ಲಿಯನ್ನು ಸವರುವುದು ಬಿಗಿದ ನಂತರ. ಲಗ್ಗಿನೊಳಗೆ ತಂತಿ ಕಪ್ಪಾಗಿದ್ದರೆ ಅದನ್ನು ಕತ್ತರಿಸಿ ಹೊಸದನ್ನು ಹಾಕಿಸುವುದೇ ಸರಿ. ಕಾಂಟ್ಯಾಕ್ಟರಿನ ಮಾತು ಬೇರೆ: ಹಳೆಯ ತಾಮ್ರದ ಬೆರಳಿಗೆ ಅರ ಒಪ್ಪುತ್ತಿತ್ತು, ಬೆಳ್ಳಿಮಿಶ್ರದ ತುದಿ ಕಪ್ಪಾಯಿತೆಂಬ ಕಾರಣಕ್ಕೇ ಅದನ್ನು ಉಜ್ಜಬಾರದು. ಕಾರು ಓಡಿಬಂದ ಕೂಡಲೇ ಶಾಖ ಅಳೆಯುವ ಉಪಕರಣದಿಂದ ಎಲ್ಲ ಟರ್ಮಿನಲ್ಲುಗಳನ್ನೂ ಹೋಲಿಸಿ ನೋಡಿದರೆ, ಉಳಿದವುಗಳಿಗಿಂತ ಬಿಸಿಯಾದದ್ದೇ ರೋಗಿ.

ಇಷ್ಟು ಸಣ್ಣ ಕೆಲಸವನ್ನು ಚರಿತ್ರೆಯೆಂದು ನಾವು ಏಕೆ ಬರೆಯುತ್ತಿದ್ದೇವೆ? ಸಡಿಲ ಸಂಪರ್ಕ ಸುಳ್ಳು ಸಾಕ್ಷಿ ಹೇಳುತ್ತದೆ. ಅದರಿಂದ ವೋಲ್ಟೇಜು ಕುಸಿದಾಗ, ಕಾರು ಏರಿನಲ್ಲಿ ಮುಗ್ಗರಿಸಿದಾಗ, ಮಾಲೀಕರಿಗೆ ಬ್ಯಾಟರಿ ಸತ್ತಂತೆ ಕಾಣುತ್ತದೆ. ಹೀಗೆ ಸುಸ್ಥಿತಿಯ ಬ್ಯಾಟರಿಗಳೂ ಗುಜರಿ ಸೇರುತ್ತವೆ, ಹೊಸ ಸೆಟ್ಟಿನ ವೆಚ್ಚಕ್ಕೆ ಹೆದರಿದವರ ಕಾರೂ ಅವುಗಳ ಹಿಂದೆ ಹೋಗುತ್ತದೆ. ರೇವಾ ಈಗ ತಯಾರಾಗುತ್ತಿಲ್ಲ. ಉಳಿದಿರುವ ಕಾರುಗಳ ಆಯುಸ್ಸು ಅವುಗಳನ್ನು ಬಲ್ಲ ಕೆಲವೇ ಮೆಕ್ಯಾನಿಕರ ಕೈಯಲ್ಲಿದೆ. ಅವರು ಯಾವ ತಿಂಗಳು ಯಾವ ಬೋಲ್ಟನ್ನು ಬಿಗಿದರು, ಎಲ್ಲಿ ಬಿಸಿ ಕಂಡರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೂ ಸಾಕು. ಮೊದಲ ತಲೆಮಾರಿನ ಗ್ಯಾರೇಜುಗಳು ಮುಚ್ಚಿದಾಗ ಕಳೆದುಹೋದದ್ದು ಎರಡನೆಯ ಬಾರಿ ಕಳೆಯದಿರಲಿ.